ಡ್ರಾಪ್-ಅವೇ ರೆಸ್ಟ್: ಎಷ್ಟು ಏರಿಸಿದರೂ ಕಾಗದದಲ್ಲಿ ನಾಕ್ ಮೇಲಕ್ಕೇ ಹರಿಯುತ್ತಿದೆ

ಹೊಸಹೆದೆ:

ಎಲ್ಲರಿಗೂ ನಮಸ್ಕಾರ. ಕಾಂಪೌಂಡ್ ಬಿಲ್ಲಿನಿಂದ (ತುದಿಗಳಲ್ಲಿ ಕ್ಯಾಮ್ ಎಂಬ ಚಕ್ರಗಳಿರುವ ಬಿಲ್ಲು) ಬ್ಲೇಡ್ ರೆಸ್ಟ್ (ಬಾಣ ಕೂರುವ ತೆಳು ಪಟ್ಟಿ) ತೆಗೆದು, ಬಾಣ ಹೊರಟಾಗ ಕೆಳಗೆ ಬೀಳುವ ಡ್ರಾಪ್-ಅವೇ ಹಾಕಿದ್ದೇನೆ. ಕೇಬಲ್ (ಕ್ಯಾಮ್‌ಗೆ ಸುತ್ತಿಕೊಳ್ಳುವ ಹಗ್ಗ) ಇಳಿದಾಗ ದಾರ ಎಳೆದು ಲಾಂಚರ್ (ಬಾಣ ಕೂರುವ ಕವಲು) ಏಳುವ ಬಗೆಯದು, ಎದ್ದ ಲಾಂಚರನ್ನು ಹಿಡಿದಿಡುವ ಲಾಕ್ ಇಲ್ಲ. ದಾರದ ನಡುವೆ ಒಂದು ರಬ್ಬರ್ ಕೊಳವೆ ತುಂಡು ಇದೆ. ಡ್ರಾ ತೂಕ 50 ಪೌಂಡ್, ಡ್ರಾ ಉದ್ದ 28 ಇಂಚು, ಬಾಣ 500 ಸ್ಪೈನ್ (ಬಾಣ ಎಷ್ಟು ಬಾಗುತ್ತದೆ ಅನ್ನುವ ಅಳತೆ) ಕಾರ್ಬನ್, ಮೂರು ಗರಿ, ಗರಿಯ ಎತ್ತರ 8 ಮಿಮೀ.

ಬಾಣ ನೇರ ಹೋಗುತ್ತದಾ ನೋಡಲು 2 ಮೀಟರ್‌ನಿಂದ ಕಾಗದಕ್ಕೆ ಹೊಡೆದರೆ ನಾಕ್ (ಹೆದೆಗೆ ಸಿಕ್ಕಿಸುವ ಬಾಣದ ಬಾಲ) ಮೇಲಕ್ಕೆ ಅರ್ಧ ಇಂಚು ಹರಿಯುತ್ತದೆ. ರೆಸ್ಟನ್ನು ಒಂದೊಂದೇ ಮಿಮೀ ಮಾಡಿ ಒಟ್ಟು 3 ಮಿಮೀ ಏರಿಸಿದೆ, ಹರಿತ (ಕಾಗದದ ಸೀಳು) ಅಷ್ಟೇ ಇದೆ. ಡಿ-ಲೂಪ್ (ನಾಕ್ ಕೂರುವಲ್ಲಿ ಹೆದೆಗೆ ಕಟ್ಟಿದ ಕುಣಿಕೆ) ಇಳಿಸಿದರೂ ಅಷ್ಟೇ. ಕೆಳಗಿನ ಒಂದು ಗರಿಯ ಅಂಚು ಸವೆದಂತೆ ಕಾಣುತ್ತದೆ. ಎಳೆಯುವಾಗ ಇನ್ನೂ ಸುಮಾರು 3 ಇಂಚು ಬಾಕಿ ಇರುವಾಗಲೇ ಲಾಂಚರ್ ಪೂರ್ತಿ ಎದ್ದು ನಿಲ್ಲುತ್ತದೆ. ಬೇಗ ಎದ್ದರೆ ಬಾಣ ಅಲುಗಾಡುವುದಿಲ್ಲ ಅಂತ ಹಾಗೇ ಬಿಟ್ಟಿದ್ದೇನೆ. ತಪ್ಪು ಎಲ್ಲಿದೆ? ನಾಕಿಂಗ್ ಪಾಯಿಂಟಾ, ಸ್ಪೈನಾ, ಅಥವಾ ರೆಸ್ಟೇ ಸರಿ ಇಲ್ಲವಾ?

ಕ್ಯಾಮ್_ಸ್ಟಾಪ್:

ರೆಸ್ಟ್ ಸರಿಯಾಗೇ ಇರಬಹುದು. ತಪ್ಪು ಇರುವುದು ಆ 3 ಇಂಚಿನಲ್ಲಿ. ಇನ್ನು ರೆಸ್ಟನ್ನು ಮೇಲೆ ಕೆಳಗೆ ಮಾಡಬೇಡಿ. ಎತ್ತರದ ತಪ್ಪಾಗಿದ್ದರೆ 3 ಮಿಮೀ ಸರಿಸಿದ್ದಕ್ಕೆ ಹರಿತ ಕಡಿಮೆಯಾದರೂ ಆಗಬೇಕಿತ್ತು, ಹೆಚ್ಚಾದರೂ ಆಗಬೇಕಿತ್ತು. ಏನು ಮಾಡಿದರೂ ಜಗ್ಗದ ನಾಕ್-ಮೇಲಿನ ಹರಿತ ಅಂದರೆ ಗರಿ ಎಲ್ಲೋ ತಾಕುತ್ತಿದೆ ಅಂತಲೇ ಮೊದಲು ಅನುಮಾನಿಸಬೇಕು. ಸವೆದ ಗರಿಯೂ ಅದನ್ನೇ ಹೇಳುತ್ತಿದೆ. ಲಾಂಚರ್ ಇನ್ನೂ ಇಳಿಯುತ್ತಿರುವಾಗ ಗರಿ ಅದರ ಮೇಲೆ ಹಾದು ಬಾಣದ ಬಾಲ ಮೇಲಕ್ಕೆ ಚಿಮ್ಮುತ್ತದೆ.

ಕಾರಣ ಇದು. ಲಾಕ್ ಇಲ್ಲದ ಕೇಬಲ್ ರೆಸ್ಟಿನಲ್ಲಿ, ಎಳೆಯುವಾಗ ಹೆದೆ ಯಾವ ಜಾಗಕ್ಕೆ ಬಂದಾಗ ಲಾಂಚರ್ ಪೂರ್ತಿ ಎದ್ದಿತೋ, ಬಿಟ್ಟಾಗ ಹೆದೆ ಅದೇ ಜಾಗಕ್ಕೆ ವಾಪಸ್ ಬರುವವರೆಗೂ ಲಾಂಚರ್ ಇಳಿಯಲು ಶುರುವೇ ಮಾಡುವುದಿಲ್ಲ. ನಿಮ್ಮಲ್ಲಿ ಆಮೇಲಿನ 3 ಇಂಚು ಎಳೆತವನ್ನು ರಬ್ಬರ್ ಕೊಳವೆ ಹಿಗ್ಗಿ ನುಂಗುತ್ತಿದೆ. ಬಿಟ್ಟ ಮೇಲೆ ಆ ಹಿಗ್ಗು ಕುಗ್ಗುವ ತನಕ ಲಾಂಚರ್ ಮೇಲೇ ನಿಂತಿರುತ್ತದೆ. ಬೇಗ ಏಳುವ ರೆಸ್ಟ್ ತಡವಾಗಿ ಬೀಳುತ್ತದೆ.

ಸಮಯ ಎಷ್ಟು ಕಡಿಮೆ ನೋಡಿ. ಬಾಣ ಸೆಕೆಂಡಿಗೆ 80 ಮೀಟರ್ ವೇಗದಲ್ಲಿ ಹೊರಡುತ್ತದೆ ಅಂದುಕೊಂಡರೆ, ಹೆದೆ ಬಿಟ್ಟಲ್ಲಿಂದ ಗರಿ ರೆಸ್ಟಿಗೆ ಬರುವವರೆಗೆ ಸಿಗುವುದು ಸುಮಾರು 11-12 ಮಿಲಿಸೆಕೆಂಡ್. ಹೆದೆ ಮೊದಮೊದಲು ನಿಧಾನ, ಆಮೇಲೆ ಜೋರು. ಹಾಗಾಗಿ ಮೊದಲ 3 ಇಂಚಿಗೇ 5 ಮಿಲಿಸೆಕೆಂಡ್ ಹತ್ತಿರ ಹೋಗಿಬಿಡುತ್ತದೆ. 10 ಮಿಲಿಸೆಕೆಂಡಿನಲ್ಲಿ ಗುರುತ್ವ ಯಾವುದೇ ವಸ್ತುವನ್ನು ಕೆಳಗೆ ಬೀಳಿಸುವುದು ಅರ್ಧ ಮಿಲಿಮೀಟರ್ ಮಾತ್ರ. ಲಾಂಚರ್ ತನ್ನ ಭಾರಕ್ಕೆ ಬೀಳುತ್ತದೆ ಅಂತ ಅಂದುಕೊಂಡಿರುವವರು ಬಹಳ ಜನ ಇದ್ದಾರೆ. ಅದನ್ನು ಕೆಳಗೆ ಒಗೆಯುವುದು ಒಳಗಿನ ಸ್ಪ್ರಿಂಗ್. ಆ ಸ್ಪ್ರಿಂಗಿಗೆ ಕೆಲಸ ಮಾಡಲು ಸಮಯ ಕೊಡುವುದು ನಾವು ಕಟ್ಟುವ ದಾರ.

ಹೊಂದಿಸುವ ಕ್ರಮ:

ಮೊದಲು ಬಾಣದ ಜಾಗ. ಬಿಲ್ಲನ್ನು ವೈಸಿನಲ್ಲಿ (ಬಿಗಿಹಿಡಿಯುವ ಸಾಧನ) ಬಿಗಿದು ನೇರ ನಿಲ್ಲಿಸಿ. ಲಾಂಚರನ್ನು ಕೈಯಲ್ಲಿ ಪೂರ್ತಿ ಎತ್ತಿ ಹಿಡಿದಾಗ ಬಾಣ, ರೈಸರಿನಲ್ಲಿ (ಬಿಲ್ಲಿನ ನಡುವಿನ ಗಟ್ಟಿ ಭಾಗ) ರೆಸ್ಟ್ ಬಿಗಿಯುವ ತೂತಿನ ನಡುಮಧ್ಯಕ್ಕೆ ಬರಬೇಕು. ಬೋ ಸ್ಕ್ವೇರ್ (ಹೆದೆಗೆ ಸಿಕ್ಕಿಸುವ ಮೂಲೆಮಟ್ಟ) ಇಟ್ಟು ಬಾಣ ಹೆದೆಗೆ 90 ಡಿಗ್ರಿ ಇದೆಯಾ ನೋಡಿ. ನಾಕ್ 1-2 ಮಿಮೀ ಮೇಲಿದ್ದರೆ ಪರವಾಗಿಲ್ಲ. ರೈಸರ್ ಗೋಡೆಯಿಂದ ಬಾಣದ ಮಧ್ಯಕ್ಕೆ 13/16 ಇಂಚು, ಅಂದರೆ 20 ಮಿಮೀ ಚಿಲ್ಲರೆ, ಇಟ್ಟು ಶುರು ಮಾಡಿ. ಕೆಲವು ಬಿಲ್ಲುಗಳಿಗೆ 3/4 ಇಂಚು ಹೇಳಿರುತ್ತಾರೆ, ನಿಮ್ಮ ಬಿಲ್ಲಿನ ಪುಸ್ತಕದಲ್ಲಿ ಇರುವುದೇ ಸರಿ.

ಆಮೇಲೆ ದಾರ. ರಬ್ಬರ್ ಕೊಳವೆ ಕಿತ್ತುಹಾಕಿ ನೇರ ದಾರ ಹಾಕಿ. ರೆಸ್ಟಿನಲ್ಲಿ ಹೆಚ್ಚಿನ ಎಳೆತ ತಡೆಯಲು ಬೇರೆ ವ್ಯವಸ್ಥೆ ಇಲ್ಲದಿದ್ದರೆ ಮಾತ್ರ ಗಟ್ಟಿಯಾದ ಚಿಕ್ಕ ಕೊಳವೆ ಇರಲಿ. ಎಳೆದಾಗ ಕೆಳಗಿಳಿಯುವ ಕೇಬಲ್ ಯಾವುದು ಅಂತ ಖಚಿತಪಡಿಸಿಕೊಳ್ಳಿ, ಅದು ಕೆಳಗಿನ ಕ್ಯಾಮ್ ಸುತ್ತಿಕೊಳ್ಳುವ ಕೇಬಲ್. ರೆಸ್ಟಿನ ತೋಳಿನಿಂದ ದಾರ ಇಳಿಜಾರಾಗಿ ಕೆಳಕ್ಕೆ ಬಂದು ಕೇಬಲ್ ಸೇರಬೇಕು. ಅಡ್ಡಕ್ಕೆ ಕಟ್ಟಿದರೆ ಕೇಬಲ್ ಇಳಿದರೂ ತೋಳು ಪೂರ್ತಿ ತಿರುಗುವುದಿಲ್ಲ. ಸದ್ಯಕ್ಕೆ ಕ್ಲಾಂಪಿನಲ್ಲಿ ಹಿಡಿಸಿ, ಹೊಲಿಗೆ ಕೊನೆಗೆ.

ಈಗ ಅಳತೆ. ಬಾಣದ ಮೇಲೆ ಮಾಸ್ಕಿಂಗ್ ಟೇಪ್ ಸುತ್ತಿ ಡ್ರಾ ಬೋರ್ಡಿನಲ್ಲಿ (ಬಿಲ್ಲನ್ನು ಕಟ್ಟಿ ಹೆದೆ ಎಳೆಯುವ ಹಲಗೆ) ನಿಧಾನಕ್ಕೆ ಎಳೆಯಿರಿ. ಲಾಂಚರ್ ಏಳುವುದು ನಿಂತ ಕ್ಷಣ ರೈಸರ್ ಅಂಚಿನ ನೇರಕ್ಕೆ ಟೇಪಿನ ಮೇಲೆ ಒಂದು ಗೆರೆ. ಕ್ಯಾಮ್ ಸ್ಟಾಪ್ (ಎಳೆತ ಮುಗಿಯುವಲ್ಲಿ ತಡೆಯುವ ಗೂಟ) ತಾಕಿದಾಗ ಇನ್ನೊಂದು ಗೆರೆ. ಎರಡರ ನಡುವೆ 12ರಿಂದ 25 ಮಿಮೀ ಇರಲಿ. ನಿಮ್ಮದು ಈಗ 75 ಇದೆ. ಡ್ರಾ ಬೋರ್ಡ್ ಇಲ್ಲದಿದ್ದರೆ ಗುರಿಯ ಹುಲ್ಲಿನ ಮುಂದೆ ನಿಂತು ಎಳೆಯಿರಿ, ಗೆರೆ ಹಾಕುವವರು ಪಕ್ಕದಲ್ಲೇ ಇರಬೇಕು, ಬಾಣದ ಮುಂದೆ ಕೈ ಕೂಡ ಬರಬಾರದು. ರೆಸ್ಟ್ ಬೀಳುತ್ತದಾ ನೋಡೋಣ ಅಂತ ಬಾಣವಿಲ್ಲದೆ ಹೆದೆ ಬಿಡಲೇಬೇಡಿ. ಲಿಂಬ್ (ಬಿಲ್ಲಿನ ಬಾಗುವ ತೋಳು) ಸೀಳುತ್ತದೆ, ಕೇಬಲ್ ಹಾರಿ ಮುಖಕ್ಕೆ ಬರುತ್ತದೆ.

ಅಂತರ 12ಕ್ಕಿಂತ ಕಡಿಮೆಯಾದರೆ ಇನ್ನೊಂದು ತೊಂದರೆ. ಒಂದಿಷ್ಟು ಕಡಿಮೆ ಎಳೆದ ದಿನ ಲಾಂಚರ್ ಪೂರ್ತಿ ಏಳುವುದಿಲ್ಲ, ಬಾಣ ಒಂದೊಂದು ಸಲ ಒಂದೊಂದು ಎತ್ತರದಿಂದ ಹೊರಡುತ್ತದೆ. ಗುಂಪು ಮೇಲೆ ಕೆಳಗೆ ಹರಡುತ್ತದೆ, ಕಾರಣ ಗೊತ್ತಾಗದೆ ಸೈಟ್ (ಗುರಿ ಹಿಡಿಯುವ ಸಾಧನ) ತಿರುಗಿಸುತ್ತಾ ಕೂರುತ್ತೀರಿ.

ಗರಿಮಾತು:

ಮೇಲಿನ ಉತ್ತರ ಪೂರ್ತಿ ಒಪ್ಪುತ್ತೇನೆ. ಪರೀಕ್ಷೆಯ ಬಗ್ಗೆ ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ತಾಕುತ್ತಿದೆ ಅಂತ ಅನುಮಾನ ಬಂದರೆ ಸಾಲದು, ಎಲ್ಲಿ ತಾಕುತ್ತಿದೆ ಅಂತ ಕಣ್ಣಿಗೆ ಕಾಣಬೇಕು.

ಲಾಂಚರಿನ ಎರಡೂ ತುದಿಗೆ, ರೈಸರ್ ಶೆಲ್ಫಿನ (ರೆಸ್ಟ್ ಕೆಳಗಿನ ಚಾಚು) ಅಂಚಿಗೆ, ಗರಿ ಹಾದುಹೋಗುವ ಕಡೆಯ ಕೇಬಲ್‌ಗೆ ತೆಳ್ಳಗೆ ಲಿಪ್‌ಸ್ಟಿಕ್ ಸವರಿ. ಮೂರು ಜಾಗಕ್ಕೆ ಮೂರು ಬಣ್ಣ ಆದರೆ ಇನ್ನೂ ಒಳ್ಳೆಯದು. ಬಿಳಿ ಅಥವಾ ಹಳದಿ ಗರಿಯ ಬಾಣ ಹೊಡೆಯಿರಿ. ಗರಿಯ ಮೇಲೆ ಯಾವ ಬಣ್ಣ ಬಂತೋ ಅಲ್ಲೇ ತಾಕಿದೆ. ಟಾಲ್ಕಂ ಪೌಡರ್ ಒಣಗಿದ್ದಾಗ ನಿಲ್ಲುವುದಿಲ್ಲ, ಹೊಡೆತದ ಅದುರಿಗೇ ಉದುರಿ ಸುಳ್ಳು ಗುರುತು ತೋರಿಸುತ್ತದೆ. ಪೌಡರೇ ಬೇಕಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆ ಉದುರಿಸಿ ಒಣಗಲು ಬಿಡಿ. ಗುರಿ ಹುಲ್ಲಿಗೆ ಬಾಣ ಗರಿಯವರೆಗೆ ಹೊಕ್ಕರೆ ಗುರುತು ಅಳಿಸುತ್ತದೆ, ಗಟ್ಟಿ ಫೋಮ್ ಬಳಸಿ.

ಗುರುತು ಓದುವ ಬಗೆ: ಗರಿಯ ಮುಂದಿನ ತುದಿಯಿಂದಲೇ ಗೆರೆ ಶುರುವಾಗಿ ಉದ್ದಕ್ಕೂ ಇದ್ದರೆ ಲಾಂಚರ್ ತಡವಾಗಿ ಬೀಳುತ್ತಿದೆ. ಗರಿಯ ಹಿಂದಿನ ಅರ್ಧದಲ್ಲಿ ಮಾತ್ರ ಚುಕ್ಕೆಯಂತೆ ಇದ್ದರೆ ಲಾಂಚರ್ ಸಮಯಕ್ಕೆ ಬಿದ್ದಿದೆ, ಆದರೆ ಶೆಲ್ಫಿಗೆ ಬಡಿದು ಪುಟಿದು ಮೇಲೆ ಬಂದಿದೆ. ಎರಡಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ದಾರ ಸಡಿಲಿಸಬೇಕು. ಎರಡನೆಯದಕ್ಕೆ ಲಾಂಚರ್ ಬಂದು ಬಡಿಯುವ ಜಾಗದಲ್ಲಿ 2 ಮಿಮೀ ದಪ್ಪದ ಮೆತ್ತನೆಯ ಫೆಲ್ಟ್ ಅಂಟಿಸಬೇಕು. ಅಲ್ಲಿ ಗಟ್ಟಿ ರಬ್ಬರ್ ಹಾಕಬೇಡಿ, ಅದು ಇನ್ನೂ ಪುಟಿಸುತ್ತದೆ.

ಇಳಿದ ಲಾಂಚರಿಗೂ ಬಾಣಕ್ಕೂ ನಡುವಿನ ಜಾಗವನ್ನೂ ಅಳೆಯಿರಿ. ಗರಿ 8 ಮಿಮೀ ಅಂದರೆ ಕನಿಷ್ಠ 12 ಮಿಮೀ ಇಳಿಯಬೇಕು. ಬಿಲ್ಲು ಸುಮ್ಮನಿರುವಾಗ ದಾರ ಬಿಗಿಯಾಗಿದ್ದರೆ ಲಾಂಚರ್ ಪೂರ್ತಿ ಮಲಗಿರುವುದಿಲ್ಲ, ಬೆರಳಿನಿಂದ ಒತ್ತಿದರೆ ಇನ್ನೂ ಸ್ವಲ್ಪ ಕೆಳಗೆ ಹೋಗುತ್ತದೆ. ಹಾಗೆ ಹೋಗುತ್ತಿದ್ದರೆ ದಾರ ಗಿಡ್ಡವಾಗಿದೆ.

ಮೊಬೈಲಿನ ನಿಧಾನ ವಿಡಿಯೊ ನಂಬಿ ತೀರ್ಮಾನ ಮಾಡಬೇಡಿ. ಸೆಕೆಂಡಿಗೆ 240 ಚಿತ್ರ ಅಂದರೂ ಒಂದು ಚಿತ್ರದಿಂದ ಇನ್ನೊಂದಕ್ಕೆ ಬಾಣ 33 ಸೆಂಮೀ ಮುಂದೆ ಹೋಗಿರುತ್ತದೆ. ಗರಿ ರೆಸ್ಟ್ ದಾಟುವ ಕ್ಷಣ ಎರಡು ಚಿತ್ರಗಳ ನಡುವೆ ಕಳೆದುಹೋಗುತ್ತದೆ. ಲಿಪ್‌ಸ್ಟಿಕ್ ಹಾಗೆ ಏನನ್ನೂ ಬಿಟ್ಟುಬಿಡುವುದಿಲ್ಲ.

ನಾಕ್ ತಿರುಗಿಸಿ ಗರಿಯನ್ನು ತಪ್ಪಿಸುವ ಉಪಾಯ ಕೇಬಲ್ ತಾಕುತ್ತಿದ್ದರೆ ಮಾತ್ರ. ತಡವಾಗಿ ಬೀಳುವ ಲಾಂಚರಿಗೆ ಅದು ಪರಿಹಾರ ಅಲ್ಲ.

ಲಿಂಬ್_ದಾರ:

ಇನ್ನೊಂದು ದಾರಿಯೂ ಇದೆ ಅಂತ ಹೇಳಿಬಿಡುತ್ತೇನೆ. ಕೇಬಲ್ ಬದಲು ಲಿಂಬಿಗೆ ದಾರ ಕಟ್ಟುವ ರೆಸ್ಟುಗಳಲ್ಲಿ ಎಲ್ಲ ತಿರುವುಮುರುವು. ಅಲ್ಲಿ ಸ್ಪ್ರಿಂಗ್ ಲಾಂಚರನ್ನು ಮೇಲಕ್ಕೆ ತಳ್ಳುತ್ತದೆ, ದಾರ ಅದನ್ನು ಕೆಳಗೆ ಹಿಡಿದಿರುತ್ತದೆ. ಎಳೆದಾಗ ಲಿಂಬ್ ಬಾಗಿ ದಾರ ಸಡಿಲವಾಗುತ್ತದೆ, ಲಾಂಚರ್ ಏಳುತ್ತದೆ. ಬಿಟ್ಟಾಗ ಲಿಂಬೇ ಲಾಂಚರನ್ನು ಕೆಳಗೆ ಸೆಳೆಯುತ್ತದೆ. ಬೋ ಪ್ರೆಸ್ (ಲಿಂಬ್ ಒತ್ತಿ ಹೆದೆ, ಕೇಬಲ್ ಸಡಿಲಿಸುವ ಸಾಧನ) ಬೇಕಿಲ್ಲ, ಕೇಬಲ್ ಮುಟ್ಟುವುದಿಲ್ಲವಾದ್ದರಿಂದ ಕ್ಯಾಮ್ ಟೈಮಿಂಗಿಗೂ ಏನೂ ಆಗುವುದಿಲ್ಲ. ಬಾಣಕ್ಕೆ ಆಸರೆಯೂ ಹೆಚ್ಚು ದೂರ ಸಿಗುತ್ತದೆ. ಹೊಸಹೆದೆಯವರು ಬಯಸುತ್ತಿರುವುದು ಅದೇ.

ಆಟದ ನಡುವೆ ದಾರ ಕಿತ್ತರೆ ಏನಾಗುತ್ತದೆ ಅನ್ನುವುದೂ ಮುಖ್ಯ. ಕೇಬಲ್ ರೆಸ್ಟ್ ಬಿದ್ದೇ ಇರುತ್ತದೆ, ಬಾಣ ಶೆಲ್ಫಿನ ಮೇಲೆ ಕೂರುತ್ತದೆ, ಅಲ್ಲಿಗೆ ಮುಗಿಯಿತು. ಲಿಂಬ್ ರೆಸ್ಟ್ ಎದ್ದೇ ನಿಂತಿರುತ್ತದೆ, ಗರಿ ಸವರಿದರೂ ಬಾಣವನ್ನು ಗುರಿಯ ಕಡೆಗೆ ಕಳಿಸಬಹುದು.

ಇನ್ನು, 50 ಮೀಟರ್ ಗುರಿ ಆಟಕ್ಕೆ ಬ್ಲೇಡ್ ಸಾಕಲ್ಲವಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬ್ಲೇಡಿನಲ್ಲಿ ಚಲಿಸುವ ಭಾಗವೇ ಇಲ್ಲ, ಕೆಡುವುದು ಕಡಿಮೆ, ದೊಡ್ಡ ಪಂದ್ಯಗಳಲ್ಲಿ ಬಹಳ ಜನ ಅದನ್ನೇ ಇಟ್ಟುಕೊಂಡಿದ್ದಾರೆ. ಆದರೆ 80 ಸೆಂಮೀ ಗುರಿಕಾಗದದಲ್ಲಿ 10ರ ವೃತ್ತ 8 ಸೆಂಮೀ ಅಷ್ಟೇ. ಗರಿ ಪ್ರತಿ ಬಾಣದಲ್ಲೂ ಬೇರೆ ಬೇರೆಯಾಗಿ ತಾಕಿದರೆ ಆ ವೃತ್ತ ತಪ್ಪಲು ಅದೇ ಸಾಕು. ಸರಿಯಾಗಿ ಟೈಮ್ ಮಾಡಿದ ಡ್ರಾಪ್-ಅವೇ ಖಂಡಿತ ಯೋಗ್ಯ. ಟೈಮ್ ಮಾಡದ ಡ್ರಾಪ್-ಅವೇಗಿಂತ ಬ್ಲೇಡ್ ಮೇಲು.

ಹೊಸಹೆದೆ:

ಎಲ್ಲರಿಗೂ ಧನ್ಯವಾದ. ಕೊಳವೆ ತೆಗೆದು ದಾರ ಉದ್ದ ಮಾಡಿದೆ. ಗೆರೆಗಳ ನಡುವೆ ಈಗ 18 ಮಿಮೀ. ಲಾಂಚರ್ 14 ಮಿಮೀ ಇಳಿಯುತ್ತದೆ. ಹರಿತ ಅರ್ಧ ಇಂಚಿನಿಂದ 3 ಮಿಮೀಗೆ ಬಂತು, ನಾಕ್ ಇನ್ನೂ ಮೇಲೇ ಇದೆ. ಗರಿಯ ಮೇಲೆ ಬಣ್ಣವಿಲ್ಲ. ಈಗ ರೆಸ್ಟ್ ಏರಿಸಬಹುದಾ? ಕ್ಲಾಂಪಿನಲ್ಲೇ ಬಿಟ್ಟರೆ ಸಾಕಾ, ಹೊಲಿಯಲೇಬೇಕಾ?

ಕ್ಯಾಮ್_ಸ್ಟಾಪ್:

ಈಗ ಏರಿಸಬಹುದು. ಗರಿ ತಾಕದಿರುವಾಗ ಕಾಗದ ನಿಜ ಹೇಳುತ್ತದೆ. ಮುಂಚೆ ಏರಿಸಿದ್ದ 3 ಮಿಮೀಯನ್ನು ಹಾಗೇ ಬಿಟ್ಟಿದ್ದರೆ ಮೊದಲು ಸ್ಕ್ವೇರ್ ಇಟ್ಟು ಬಾಣ ಎಲ್ಲಿದೆ ನೋಡಿ. ಆಮೇಲೆ ಅರ್ಧರ್ಧ ಮಿಮೀ ಮಾತ್ರ ಏರಿಸಿ, ಪ್ರತಿ ಸಲ ಮೂರು ಬಾಣ ಹೊಡೆದು ನೋಡಿ. ಲಾಂಚರ್ ಎತ್ತರ ಬದಲಾದರೆ ದಾರದ ಬಿಗಿಯೂ ಬದಲಾಗುತ್ತದೆ, ಹಾಗಾಗಿ ಕೊನೆಗೆ ಆ 18 ಮಿಮೀಯನ್ನು ಮತ್ತೊಮ್ಮೆ ಅಳೆಯಿರಿ.

ಕ್ಲಾಂಪಿನಲ್ಲಿ 20-30 ಬಾಣ ಹೊಡೆದು ಅಂತರ ಬದಲಾಗದಿದ್ದರೆ ಹೊಲಿದುಬಿಡಿ. ಕ್ಲಾಂಪ್ ಒಂದಲ್ಲ ಒಂದು ದಿನ ಜಾರುತ್ತದೆ. ಕ್ಲಾಂಪ್ ಇದ್ದ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಬೋ ಪ್ರೆಸ್ಸಿನಲ್ಲಿ ಕೇಬಲ್ ಸಡಿಲಿಸಿ, ಎಳೆಗಳನ್ನು ಸರಿಯಾಗಿ ಎರಡು ಪಾಲು ಮಾಡಿ. 24 ಎಳೆ ಇದ್ದರೆ ಆ ಕಡೆ 12, ಈ ಕಡೆ 12. ಪಾಲು ಹೆಚ್ಚುಕಮ್ಮಿ ಆದರೆ ಕೇಬಲ್ ತಿರುಚಿಕೊಳ್ಳುತ್ತದೆ. ನಡುವೆ ದಾರ ತೂರಿಸಿ, ಮೇಲೂ ಕೆಳಗೂ ಸರ್ವಿಂಗ್ ದಾರದಿಂದ (ಹೆದೆಗೆ ಸುತ್ತುವ ತೆಳು ದಾರ) ಹಿಂದೆ ಒಂದು ಮುಂದೆ ಒಂದು ಗಂಟು ಹಾಕುತ್ತಾ ಎಂಟು ಹತ್ತು ಗಂಟು ಬಿಗಿಯಿರಿ. ದಾರದ ತುದಿಗೆ ಗಂಟು ಹಾಕಿ ಲೈಟರಿನಿಂದ ಕರಗಿಸಿ ಅಣಬೆಯ ತಲೆಯಂತೆ ಮಾಡಿ. ಆಗ ಕೇಬಲಿನ ಹಿಂದೆ ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಕೇಬಲಿನ ನಾರು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ, ಲೈಟರ್ ಉರಿ ಒಂದು ಕ್ಷಣ ತಗುಲಿದರೂ ಆ ಕೇಬಲ್ ಕೆಲಸಕ್ಕೆ ಬಾರದು.

ಹೊಲಿದ ಮೇಲೆ ಡ್ರಾ ಬೋರ್ಡಿನಲ್ಲಿ ಎರಡೂ ಕ್ಯಾಮ್ ಸ್ಟಾಪ್ ಒಟ್ಟಿಗೆ ತಾಕುತ್ತವಾ ನೋಡಿ. ಹೊಸ ಹೆದೆ, ಹೊಸ ಕೇಬಲ್ ಆಗಿದ್ದರೆ ಮೊದಲ 200 ಬಾಣದ ಒಳಗೆ ಹಿಗ್ಗುತ್ತವೆ, ಆಗ ಟೇಪಿನ ಅಳತೆ ಇನ್ನೊಮ್ಮೆ. ರೆಸ್ಟ್ ಬಿಗಿಯುವ ತಿರುಪಿಗೆ ನೀಲಿ ಲಾಕ್‌ಟೈಟ್ (ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ.

ಗರಿಮಾತು:

ಒಂದೇ ಒಂದು. ಮಳೆಯಲ್ಲಿ ಹೊಡೆದ ದಿನ ಲಾಂಚರಿಗೆ ಅಂಟಿಸಿದ ಫೆಲ್ಟ್ ನೆನೆದು ಊದುತ್ತದೆ, ಬಾಣ ಆ ಊದಿದ ಎತ್ತರದಲ್ಲೇ ಕೂರುತ್ತದೆ. ಬಾಣ ಕೂರುವ ಎರಡು ತುದಿಗೆ ಹೀಟ್ ಶ್ರಿಂಕ್ ಕೊಳವೆ ಹಾಕಿ, ಫೆಲ್ಟ್ ಕೆಳಗೆ ಬಡಿಯುವ ಜಾಗದಲ್ಲಿ ಮಾತ್ರ ಇರಲಿ. ಕೊಳವೆಯ ದಪ್ಪವೂ ಬಾಣವನ್ನು ಅರ್ಧ ಮಿಮೀ ಏರಿಸುತ್ತದೆ, ಆದ್ದರಿಂದ ಈಗ ನೀವು ಕಾಗದಕ್ಕೆ ಹೊಡೆಯುವ ಮೊದಲೇ ಅದನ್ನು ಹಾಕಿಬಿಡಿ.