ಎಡಕುಮೇರಿ ನಿಲ್ದಾಣದ ಮೀಟರ್ ಗೇಜ್ ಕಾಲದ ಚಿತ್ರಗಳಿಗಾಗಿ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟದ ಹಾದಿಯಲ್ಲಿ, ಸುತ್ತಲೂ ಕಾಡು ಕವಿದ ಕಣಿವೆಯೊಳಗಿರುವ ಎಡಕುಮೇರಿ ನಿಲ್ದಾಣದಲ್ಲಿ ನನ್ನ ತಂದೆಯವರು 1980ರ ದಶಕದಲ್ಲಿ ಗ್ಯಾಂಗ್‌ಮನ್ (ಹಳಿ ನೋಡಿಕೊಳ್ಳುವ ಕೆಲಸಗಾರ) ಆಗಿದ್ದರು. 1979ರಲ್ಲಿ ಆರಂಭವಾದ ಒಂದು ಮೀಟರ್ ಅಗಲದ ಆ ಮೀಟರ್ ಗೇಜ್ ಹಳಿಯನ್ನು ಇನ್ನೂ ಅಗಲವಾದ ಬ್ರಾಡ್ ಗೇಜ್‌ಗೆ ಬದಲಾಯಿಸಿ, 2006ರಲ್ಲಿ ಸರಕು ರೈಲು, 2007ರ ಕೊನೆಗೆ ಪ್ರಯಾಣಿಕರ ರೈಲು ಬಿಡುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು.

ನಮ್ಮಲ್ಲಿ ಉಳಿದಿರುವುದು ಒಂದೇ ಚಿತ್ರ. ಅಂಚು ತೇವಕ್ಕೆ ಮೆತ್ತಗಾಗಿ, ಫಲಕದಲ್ಲಿ 'ಎಡಕು' ಎಂಬಷ್ಟು ಮಾತ್ರ ಉಳಿದಿದೆ. ಪಕ್ಕದಲ್ಲಿ ಕಂಬಳಿಕೊಪ್ಪೆ ಹೊದ್ದು, ಕೈಯಲ್ಲಿ ಲಾಟೀನು ಹಿಡಿದು ನಿಂತವರು ಅಪ್ಪನೇ ಎಂದು ಅಮ್ಮ ಹೇಳುತ್ತಾರೆ, ಮುಖವಂತೂ ಕಾಣುವುದಿಲ್ಲ.

ಆ ಕಾಲದ ನಿಲ್ದಾಣ, ವಸತಿಗೃಹ ಅಥವಾ ಮಳೆಗಾಲದ ಗಸ್ತಿನ ಚಿತ್ರಗಳು ಯಾರಲ್ಲಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ಐವತ್ತು ಮೀಟರ್‌ಗೆ ಒಂದು ಮೀಟರ್ ಏರುವ, 57 ಸುರಂಗಗಳ ಆ ದಾರಿಯಲ್ಲಿ ಮಣ್ಣು ಕುಸಿದು ರೈಲು ನಿಂತ ದಿನಗಳಲ್ಲಿ ಸಿಬ್ಬಂದಿಗೆ ಅಕ್ಕಿ, ಸೀಮೆಎಣ್ಣೆ ಹೇಗೆ ತಲುಪುತ್ತಿತ್ತು ಎಂಬುದನ್ನು ಅಲ್ಲಿ ದುಡಿದವರು ಅಥವಾ ಅವರ ಮಕ್ಕಳು ತಿಳಿಸಿದರೆ ಇನ್ನೂ ಉಪಕಾರವಾಗುತ್ತದೆ. ಅಪ್ಪ ಅದನ್ನು ಕೇಳಿದಾಗಲೆಲ್ಲ ನಕ್ಕು ಸುಮ್ಮನಾಗುತ್ತಿದ್ದರು. ಹಳಿಯ ಮೇಲೆ ಚಾರಣ ಹೋಗುವ ಸಲಹೆ ಮಾತ್ರ ಬೇಡ, ಅದಕ್ಕೆ ನಿಷೇಧವಿದೆ.