ಅಪ್‌ಡೇಟ್: ಟೈಲ್ಸ್ ಒಡೆಯದೆ ಬಚ್ಚಲುಮನೆ ಹೊಸದಾಯಿತು

ಅಪ್ಪ ಅಮ್ಮ ಕಾಶಿಯಿಂದ ಬರುವಷ್ಟರಲ್ಲಿ ಹಳೇ ಬಚ್ಚಲುಮನೆಯನ್ನು ನಾನೇ ಹೊಸದು ಮಾಡಬಹುದಾ, ಟೈಲ್ಸ್ ಒಡೆಯಲೇಬೇಕಾ ಅಂತ ಕೇಳಿದ್ದೆನಲ್ಲ? ಒಡೆಯಲಿಲ್ಲ.

ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಸಿಟ್ರಿಕ್ ಆಸಿಡ್ ಪುಡಿಯನ್ನು ಬಿಸಿನೀರಲ್ಲಿ ಕಲಸಿ ಹಚ್ಚಿದೆ. ಬುರುಬುರು ನೊರೆ ಬಂದು ಕಲೆ ಬಿಟ್ಟುಕೊಂಡಿತು. ಕಪ್ಪಾಗಿದ್ದ ಟೈಲ್ಸ್ ಸಂದಿಗಳನ್ನು ಕೆರೆದು ಎಪಾಕ್ಸಿ ಗ್ರೌಟ್ (ಸಂದಿ ಮುಚ್ಚುವ ರೆಸಿನ್ ಪೇಸ್ಟ್) ತುಂಬಿದೆ. ಇದು ಸಿಮೆಂಟ್ ಗ್ರೌಟ್‌ಗಿಂತ ಜಾಸ್ತಿ ದುಬಾರಿ, ಬೇಗ ಗಟ್ಟಿಯಾಗುತ್ತದೆ, ಚೂರುಚೂರೇ ಕಲಸಬೇಕು. ಆದರೆ ನೀರು ಹೀರುವುದಿಲ್ಲ, ಅದೇ ಬೇಕಿದ್ದದ್ದು ಅಲ್ವಾ? ಟೈಲ್ಸ್ ಪೇಂಟ್ ಗೋಡೆಗೆ ಮಾತ್ರ ಹಚ್ಚಿದೆ. ಕಮೋಡ್ ಪಕ್ಕ ಸ್ಟೀಲ್ ಹಿಡಿಕೆ ಕೂರಿಸಿದೆ.

“ಏನೇ ಇದು, ಆಸ್ಪತ್ರೆ ಥರ ಬೆಳ್ಳಗೆ!” ಅಂದರು ಅಮ್ಮ. ಅಪ್ಪ ಹಿಡಿಕೆ ಜಗ್ಗಿ ನೋಡಿ, “ಗಟ್ಟಿ ಇದೆ. ಡ್ರಿಲ್ ಯಾರದ್ದು?” ಎಂದರು. ಪಕ್ಕದ ಮನೆಯವರದ್ದು, ಇನ್ನೂ ವಾಪಸ್ ಕೊಟ್ಟಿಲ್ಲ.