ಸಹಾಯ ಬೇಕು: ಬಿರುಕು ಅರ್ಧಕ್ಕೇ ನಿಂತುಬಿಡುತ್ತಿದೆ

ಎಲ್ಲರಿಗೂ ನಮಸ್ಕಾರ. ಅಬಾಕಸ್ ಅನ್ನೋ ಸಿಮ್ಯುಲೇಶನ್ ಸಾಫ್ಟ್‌ವೇರ್‌ನಲ್ಲಿ ಎಕ್ಸ್‌ಫೆಮ್ (ಬಿರುಕಿನ ದಾರಿಯನ್ನು ಮೊದಲೇ ಗುರುತಿಸದೆ ಲೆಕ್ಕಹಾಕುವ ವಿಧಾನ) ಬಳಸಿ ತೆಳು ಅಲ್ಯೂಮಿನಿಯಂ ಪ್ಲೇಟಿನಲ್ಲಿ ಬಿರುಕು ಹೇಗೆ ಬೆಳೆಯುತ್ತದೆ ಅಂತ ನೋಡುತ್ತಿದ್ದೇನೆ. ಅಗಲ 100 ಮಿಮೀ, ಒಂದು ಅಂಚಿನಲ್ಲಿ 10 ಮಿಮೀ ಬಿರುಕು. ಕೆಳ ಅಂಚು ಫಿಕ್ಸ್, ಮೇಲಿನದಕ್ಕೆ ಡಿಸ್‌ಪ್ಲೇಸ್‌ಮೆಂಟ್.

ಮೊದಲ ಏಳೆಂಟು ಎಲಿಮೆಂಟ್ (ಲೆಕ್ಕಕ್ಕೆ ಪ್ಲೇಟನ್ನು ಭಾಗಿಸಿದ ಚಿಕ್ಕ ತುಂಡುಗಳು) ಚೆನ್ನಾಗಿ ಸೀಳುತ್ತವೆ, ನೋಡೋಕೇ ಖುಷಿ. ಆಮೇಲೆ ಇನ್‌ಕ್ರಿಮೆಂಟ್ (ಲೆಕ್ಕದ ಒಂದೊಂದು ಹೆಜ್ಜೆ) ಚಿಕ್ಕದಾಗುತ್ತಾ ಹೋಗಿ ‘ಟೂ ಮೆನಿ ಅಟೆಂಪ್ಟ್ಸ್’ ಅಂತ ರನ್ ನಿಂತುಬಿಡುತ್ತದೆ.

ಮೆಶ್ (ಎಲಿಮೆಂಟ್ ಅಳತೆ) 2 ಮಿಮೀಯಿಂದ 1ಕ್ಕೆ ಇಳಿಸಿದೆ, ಇನ್ನೂ ಬೇಗ ನಿಂತಿತು! ಪ್ರಯತ್ನಗಳ ಮಿತಿಯನ್ನು 5ರಿಂದ 20ಕ್ಕೆ ಏರಿಸಿದೆ, ಪ್ರಯೋಜನ ಇಲ್ಲ. ಡ್ಯಾಮೇಜ್ ಸ್ಟೆಬಿಲೈಸೇಶನ್‌ಗೆ ವಿಸ್ಕಾಸಿಟಿ (ಲೆಕ್ಕ ಸ್ಥಿರವಾಗಲಿ ಅಂತ ಸೇರಿಸುವ ಕೃತಕ ತಡೆ) 0.001 ಕೊಟ್ಟರೆ ಕೊನೆವರೆಗೂ ಓಡುತ್ತದೆ, ಆದರೆ ಗರಿಷ್ಠ ಲೋಡ್ ಜಾಸ್ತಿ ಬರುತ್ತದೆ. ಅಂಥ ಉತ್ತರ ನಂಬೋಕಾಗಲ್ಲ, ಅಲ್ವಾ? 0.00001ಕ್ಕೆ ಇಳಿಸಿದರೆ ಮತ್ತೆ ಅದೇ ಕಥೆ.

ನನ್ನ ಅನುಮಾನ ಫ್ರಾಕ್ಚರ್ ಎನರ್ಜಿ (ಬಿರುಕು ಬೆಳೆಯಲು ಬೇಕಾಗುವ ಶಕ್ತಿ) ಮೇಲೆ. ಟಫ್‌ನೆಸ್ (ಬಿರುಕಿಗೆ ಪ್ರತಿರೋಧ) 30 ಎಂಪಿಎ ರೂಟ್ ಮೀಟರ್, ಯಂಗ್ಸ್ ಮಾಡ್ಯುಲಸ್ (ಲೋಹದ ಬಿಗಿತ) 70 ಜಿಪಿಎ. ಟಫ್‌ನೆಸ್‌ನ ವರ್ಗವನ್ನು ಮಾಡ್ಯುಲಸ್‌ನಿಂದ ಭಾಗಿಸಿದರೆ ಮಿಮೀಗೆ ಸುಮಾರು 12.9 ನ್ಯೂಟನ್. ಅದನ್ನೇ ಹಾಕಿದ್ದೇನೆ. ಡ್ಯಾಮೇಜ್ ಶುರುವಾಗೋಕೆ ಮ್ಯಾಕ್ಸ್ ಪ್ರಿನ್ಸಿಪಲ್ ಸ್ಟ್ರೆಸ್ (ಒಂದು ಬಿಂದುವಿನಲ್ಲಿನ ಅತಿ ಹೆಚ್ಚಿನ ಎಳೆತದ ಒತ್ತಡ) 300 ಎಂಪಿಎ. ಅದು ಮಾತ್ರ ಅಂದಾಜು, ಒಪ್ಪಿಕೊಳ್ಳುತ್ತೇನೆ.

ಈ ಸ್ಟ್ರೆಸ್ ಮೌಲ್ಯವನ್ನು ನೀವು ಹೇಗೆ ಆರಿಸುತ್ತೀರಿ? ಮೆಶ್ ಸೈಜಿಗೆ ತಕ್ಕಂತೆ ಬದಲಿಸಬೇಕಾ? ಸುಮ್ನೆ ವಿಸ್ಕಾಸಿಟಿ ಏರಿಸಿ ಅನ್ನಬೇಡಿ, ಪ್ಲೀಸ್. ಇನ್‌ಪುಟ್ ಫೈಲ್ ಬೇಕಿದ್ದರೆ ಕಳಿಸುತ್ತೇನೆ.